ಕೀ ಕೊಡದೆ ಲೆನ್ಸ್ ಮುಟ್ಟಬೇಡಿ: ಹ್ಯಾಸೆಲ್‌ಬ್ಲಾಡ್ 500ಸಿ/ಎಂ ಸಾಕುವ ಲೆಕ್ಕ

ಗುಂಡಿ ಒತ್ತಿದರೆ ಒಳಕ್ಕೆ ಹೋಗುತ್ತಿಲ್ಲ, ಕ್ಯಾಮೆರಾ ಜಾಮ್ ಆಗಿದೆ ಅಂತ ಯಾರಾದರೂ ಹ್ಯಾಸೆಲ್‌ಬ್ಲಾಡ್ 500ಸಿ/ಎಂ ಎಂಬ ಹಳೆಯ ಫಿಲ್ಮ್ ಕ್ಯಾಮೆರಾ ತಂದು ಮುಂದಿಟ್ಟರೆ ಮೊದಲು ಅದರ ಎಡಬದಿ ನೋಡಿ. ಹಿಂದೆ ಕೂರುವ, ಫಿಲ್ಮ್ ತುಂಬುವ ಪೆಟ್ಟಿಗೆಯಾದ ಮ್ಯಾಗಜೀನಿನ ಎಡ ಅಂಚಿನ ಸೀಳಿನಲ್ಲಿ ಬಾಗಿದ ಲೋಹದ ಹಿಡಿಕೆಯೊಂದು ಕಾಣಿಸಿದರೆ ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚುವ ತಗಡು, ಅಂದರೆ ಡಾರ್ಕ್ ಸ್ಲೈಡ್, ಇನ್ನೂ ಒಳಗೇ ಇದೆ ಎಂದರ್ಥ. ಅದು ಒಳಗಿರುವವರೆಗೆ ಶಟರ್ ಗುಂಡಿ ಅಲುಗುವುದಿಲ್ಲ. ಎಳೆದು ತೆಗೆಯಿರಿ, ರಿಪೇರಿ ಮುಗಿಯಿತು. ಸ್ಲೈಡ್ ಹೊರಗಿದ್ದೂ ಗುಂಡಿ ಹೋಗದಿದ್ದರೆ ಮ್ಯಾಗಜೀನಿನ ಬಲಬದಿಯ ಎಣಿಕೆ ಕಿಟಕಿ ನೋಡಿ. ಹನ್ನೆರಡು ಫ್ರೇಮ್ ಮುಗಿದಿದ್ದರೂ ಅದು ಹೀಗೇ ಬೀಗ ಹಾಕಿಕೊಂಡು ಕೂರುತ್ತದೆ. ಈ ಎರಡೂ ಅಲ್ಲ ಎಂದಾದ ಮೇಲೆ ಮಾತ್ರ ಜಾಮ್ ಎಂಬ ಮಾತು ಎತ್ತಬಹುದು.

ಈ ಕ್ಯಾಮೆರಾ ಕೊಂಡವರು ಮೊದಲು ತಿಳಿಯಬೇಕಾದ್ದು ಇಷ್ಟೇ: ಇದರೊಳಗೆ ಬ್ಯಾಟರಿ ಇಲ್ಲ, ಬೆಳಕು ಅಳೆಯುವ ಮೀಟರ್ ಇಲ್ಲ, ಸರ್ಕ್ಯೂಟ್ ಇಲ್ಲ. ಇರುವುದು ಬೀಗಗಳ ಸಾಲು. ಒಂದು ತೆರೆದರೇನೇ ಇನ್ನೊಂದು. ಕ್ರಮ ತಪ್ಪದಿದ್ದರೆ ಐವತ್ತು ವರ್ಷದ ಬಾಡಿಯೂ ತಕರಾರು ಮಾಡುವುದಿಲ್ಲ. ಕ್ರಮ ತಪ್ಪಿಸಿ ಬಲ ಹಾಕಿದರೆ ಅದೇ ದಿನ ಗಿಯರ್ ಮುರಿಯುತ್ತದೆ. ಇಲ್ಲಿ ಬೆರಳಿಗೆ ತಡೆ ಬಂತು ಎಂದರೆ ನಿಮ್ಮಿಂದ ಯಾವುದೋ ಹೆಜ್ಜೆ ಬಿಟ್ಟುಹೋಗಿದೆ ಎಂದು ಕ್ಯಾಮೆರಾ ಹೇಳುತ್ತಿದೆ. ಅಲ್ಲಿಗೇ ಕೈ ನಿಲ್ಲಿಸಿ.

ಇತಿಹಾಸ ಎರಡು ಸಾಲಿನಲ್ಲಿ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಕಂಪನಿ 500ಸಿ ಮಾದರಿಯನ್ನು 1957ರಲ್ಲಿ ತಂದಿತು. ಬಳಕೆದಾರರೇ ಫೋಕಸಿಂಗ್ ಸ್ಕ್ರೀನ್ (ನೋಡುವಾಗ ಚಿತ್ರ ಮೂಡುವ ಮಸುಕು ಗಾಜು) ಬದಲಿಸಿಕೊಳ್ಳುವಂತೆ ಮಾಡಿದ 500ಸಿ/ಎಂ ಬಂದದ್ದು 1970ರಲ್ಲಿ. 500 ಎಂದರೆ ಗರಿಷ್ಠ ವೇಗ, ಸೆಕೆಂಡಿನ ಐನೂರನೇ ಒಂದು ಭಾಗ. ಸಿ ಎಂದರೆ ಸೆಂಟ್ರಲ್ ಶಟರ್, ಅಂದರೆ ಶಟರ್ ಬಾಡಿಯಲ್ಲಿಲ್ಲ, ಪ್ರತಿ ಲೆನ್ಸಿನ ಹೊಟ್ಟೆಯೊಳಗಿದೆ. ಮಾರುವವರು 'ಚಂದ್ರನ ಮೇಲೆ ಹೋದ ಕ್ಯಾಮೆರಾ' ಎಂದು ಬೆಲೆ ಏರಿಸುವುದುಂಟು. 1969ರಲ್ಲಿ ಅಪೊಲೊ 11ರವರು ಚಂದ್ರನ ನೆಲದಲ್ಲಿ ಬಳಸಿದ್ದು ಮೋಟಾರ್ ಇದ್ದ 500ಇಎಲ್ ಆಧಾರದ ಬೇರೆಯೇ ಯಂತ್ರ. ಆ ಮಾತಿಗೆ ಹೆಚ್ಚುವರಿ ದುಡ್ಡು ಕೊಡಬೇಡಿ.

ಹಳೆಯದನ್ನು ಕೊಳ್ಳುವಾಗ ವಯಸ್ಸು ಪತ್ತೆ ಹಚ್ಚುವುದು ಸುಲಭ. ಮ್ಯಾಗಜೀನ್ ಕಳಚಿ ಬಾಡಿಯ ಹಿಂಭಾಗದ ಸೀರಿಯಲ್ ನಂಬರ್ ನೋಡಿ. ಅದರ ಮುಂದಿನ ಎರಡು ಅಕ್ಷರಗಳೇ ಇಸವಿ. 'ವಿಎಚ್‌ಪಿಐಸಿಟಿಯುಆರ್‌ಇಎಸ್' ಎಂಬ ಹತ್ತು ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ 1ರಿಂದ 9, ಕೊನೆಯದು 0 ಎಂದು ಲೆಕ್ಕ ಹಾಕಬೇಕು. 'ಯುಎಚ್' ಎಂದಿದ್ದರೆ 7 ಮತ್ತು 2, ಅಂದರೆ 1972. 'ಆರ್‌ಯು' ಎಂದಿದ್ದರೆ 1987. ಮ್ಯಾಗಜೀನಿಗೂ ಇಂಥದ್ದೇ ನಂಬರ್ ಇದೆ. ಅದರೊಳಗಿನಿಂದ ಹೊರಬರುವ ಫಿಲ್ಮ್ ಇನ್ಸರ್ಟ್ ಮೇಲೆ ಮೂರು ಅಂಕಿ ಇರುತ್ತದೆ. ಅದು ಹೊರಕವಚದ ನಂಬರಿನ ಕೊನೆಯ ಮೂರು ಅಂಕಿಗೆ ತಾಳೆಯಾಗಬೇಕು. ಕಾರ್ಖಾನೆಯಲ್ಲಿ ಎರಡನ್ನೂ ಜೋಡಿಯಾಗಿಯೇ ಹೊಂದಿಸಿರುತ್ತಾರೆ. ಅಂಕಿ ತಾಳೆಯಾಗದ ಮ್ಯಾಗಜೀನ್ ಕೆಲಸ ಮಾಡುವುದೇ ಇಲ್ಲ ಎಂದಲ್ಲ. ಆದರೆ ಫ್ರೇಮ್ ನಡುವಿನ ಅಂತರ ಏರುಪೇರಾದರೆ ಮೊದಲ ಅನುಮಾನ ಅದರ ಮೇಲೇ ಹೋಗಬೇಕು, ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯಬೇಕು.

ಒಂದು ಫೋಟೊ ತೆಗೆದಾಗ ಒಳಗೆ ಏನಾಗುತ್ತದೆ ಎಂಬುದು ಕಣ್ಣಿಗೆ ಕಟ್ಟಿದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಮ್ಯಾಗಜೀನ್ ಕಳಚಿಟ್ಟು, ಹಿಂದಿನಿಂದ ನೋಡುತ್ತ, ವೇಗ 1 ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿ ಹಿಡಿಯಿರಿ. ನೋಡಲು ಅನುಕೂಲವಾಗಲೆಂದು ಅಲ್ಲಿಯವರೆಗೆ ತೆರೆದೇ ಇದ್ದ ಲೆನ್ಸಿನ ಶಟರ್ ಮುಚ್ಚುತ್ತದೆ. ಬೆಳಕು ಹಾಯುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಡಯಾಫ್ರಾಮ್ ನೀವಿಟ್ಟ ಅಳತೆಗೆ ಕುಗ್ಗುತ್ತದೆ. ಕನ್ನಡಿ ಮೇಲೇಳುತ್ತದೆ. ಹಿಂದಿನ ಎರಡು ಲೋಹದ ರೆಕ್ಕೆಗಳು ಕೊಟ್ಟಿಗೆಯ ಬಾಗಿಲಿನ ಹಾಗೆ ಮೇಲಕ್ಕೂ ಕೆಳಕ್ಕೂ ಬಿಡಿಸಿಕೊಳ್ಳುತ್ತವೆ. ಇಷ್ಟಾದ ಮೇಲೆ ಲೆನ್ಸಿನ ಶಟರ್ ತೆರೆದು, ಜರ್ರೆಂದು ಒಂದು ಸೆಕೆಂಡ್ ಓಡಿ, ಮುಚ್ಚುತ್ತದೆ. ಈಗ ಬೆರಳು ಎತ್ತಿ. ರೆಕ್ಕೆಗಳು ಮುಚ್ಚಿಕೊಂಡವು. ಕನ್ನಡಿ ಮಾತ್ರ ಮೇಲೇ ಉಳಿದಿದೆ, ಕಣ್ಣಿಟ್ಟು ನೋಡುವ ಫೈಂಡರ್ ಕತ್ತಲು. ಬಲಬದಿಯ ಗುಬುಟನ್ನೋ ಕ್ರ್ಯಾಂಕನ್ನೋ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಕನ್ನಡಿ ಇಳಿಯುತ್ತದೆ, ಲೆನ್ಸಿನ ಶಟರಿಗೆ ಕೀ ಬೀಳುತ್ತದೆ, ಮ್ಯಾಗಜೀನ್ ಇದ್ದರೆ ಫಿಲ್ಮ್ ಒಂದು ಫ್ರೇಮ್ ಮುಂದೆ ಸರಿಯುತ್ತದೆ.

ಇದರಲ್ಲೇ ಹೊಸಬರ ಒಂದು ತಪ್ಪು ಅಡಗಿದೆ. ಆ ರೆಕ್ಕೆಗಳು ತೆರೆದಿರುವುದು ನಿಮ್ಮ ಬೆರಳು ಗುಂಡಿಯ ಮೇಲಿರುವಷ್ಟು ಹೊತ್ತು ಮಾತ್ರ. ನಿಧಾನ ವೇಗದಲ್ಲಿ, ಅರ್ಧ ಸೆಕೆಂಡು, ಒಂದು ಸೆಕೆಂಡಿನಲ್ಲಿ, ಡಿಜಿಟಲ್ ಕ್ಯಾಮೆರಾದ ಅಭ್ಯಾಸದಂತೆ ಒತ್ತಿ ಬಿಟ್ಟರೆ ಲೆನ್ಸಿನ ಶಟರ್ ಇನ್ನೂ ತೆರೆದಿರುವಾಗಲೇ ರೆಕ್ಕೆಗಳು ಮುಚ್ಚಿಬಿಡುತ್ತವೆ. ನೆಗೆಟಿವ್ ತೆಳುವಾಗಿ ಬರುತ್ತದೆ, ಬೈಗುಳ ಮೀಟರಿಗೆ ಬೀಳುತ್ತದೆ. ಜರ್ರೆನ್ನುವ ಸದ್ದು ನಿಂತ ಮೇಲೆಯೇ ಬೆರಳು ಎತ್ತಬೇಕು. ಗುಂಡಿಯ ಸುತ್ತ 'ಓ' ಮತ್ತು 'ಟಿ' ಎಂದು ಗುರುತಿರುವ ಪುಟ್ಟ ಸನ್ನೆ (ಲಿವರ್) ಇರುವುದೂ ಇದಕ್ಕೇ. ಟಿ ಕಡೆಗೆ ಸರಿಸಿದರೆ ಗುಂಡಿ ಒತ್ತಿದಂತೆಯೇ ನಿಲ್ಲುತ್ತದೆ.

ಈಗ ನಿಜವಾದ ಜಾಮ್. ಶಟರ್ ಲೆನ್ಸಿನಲ್ಲಿ, ಕೀ ಕೊಡುವ ಯಂತ್ರ ಬಾಡಿಯಲ್ಲಿ. ಎರಡನ್ನೂ ಜೋಡಿಸುವುದು ಒಂದು ಪುಟ್ಟ ತಿರುಗುಕಡ್ಡಿ. ಲೆನ್ಸ್ ತೆಗೆದು ಅದರ ಹಿಂಭಾಗ ನೋಡಿದರೆ ಸ್ಕ್ರೂ ತಲೆಯಂಥ ಸೀಳು ಕಾಣುತ್ತದೆ. ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ. ಕೀ ಬಿದ್ದಿರುವ ಲೆನ್ಸಿನಲ್ಲಿ ಸೀಳು ಕೆಂಪು ಚುಕ್ಕೆಯ ನೇರಕ್ಕಿರುತ್ತದೆ. ಕೀ ಬಿದ್ದಿರುವ ಬಾಡಿಯಲ್ಲೂ ಕಡ್ಡಿ ಅದೇ ನೇರಕ್ಕೆ ನಿಂತಿರುತ್ತದೆ. ಎರಡೂ ಕೀ ಬಿದ್ದಿದ್ದರೆ ಲೆನ್ಸ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಕೂರುತ್ತದೆ. ಆದ್ದರಿಂದ ಗಂಟು ಕಟ್ಟಿಕೊಳ್ಳಬೇಕಾದ ನಿಯಮ: ಲೆನ್ಸ್ ತೆಗೆಯುವ ಮೊದಲು ಕೀ ಕೊಡಿ, ಹಾಕುವ ಮೊದಲು ಎರಡರ ಸೀಳನ್ನೂ ನೋಡಿ. ತೆಗೆದಿಟ್ಟ ಲೆನ್ಸಿನ ಶಟರ್ ಹೇಗೋ ಬಿಟ್ಟುಕೊಂಡಿದ್ದರೆ ಅಗಲ ಬಾಯಿಯ ಸ್ಕ್ರೂಡ್ರೈವರನ್ನೋ ಸರಿಹೊಂದುವ ನಾಣ್ಯವನ್ನೋ ಸೀಳಿಗೆ ಇಟ್ಟು ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿ. ಸ್ಪ್ರಿಂಗ್ ಎದುರು ತಳ್ಳುತ್ತದೆ, ಬಿಡಬೇಡಿ. ಒಂದು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿದಾಗ ಕ್ಲಿಕ್ ಎಂದು ಕೂರುತ್ತದೆ.

ಈ ಹೊಂದಾಣಿಕೆ ಕೆಟ್ಟಾಗ ಆಗುವುದೇ ಜಾಮ್: ಬಾಡಿಗೆ ಕೀ ಬಿದ್ದಿದೆ, ಲೆನ್ಸಿಗೆ ಬಿದ್ದಿಲ್ಲ. ಗುಂಡಿ ಹೋಗದು, ಕ್ರ್ಯಾಂಕ್ ತಿರುಗದು, ಲೆನ್ಸ್ ಬಿಚ್ಚಿಕೊಳ್ಳದು. ಹೆಚ್ಚಾಗಿ ಇದು ಎಕ್ಸ್‌ಟೆನ್ಶನ್ ಟ್ಯೂಬ್ (ಹತ್ತಿರದ ಚಿತ್ರಕ್ಕೆಂದು ಬಾಡಿಗೂ ಲೆನ್ಸಿಗೂ ನಡುವೆ ಹಾಕುವ ಕೊಳವೆ) ಬಳಸುವವರಿಗೆ ಬಡಿಯುತ್ತದೆ. ಟ್ಯೂಬಿನೊಳಗೂ ಇಂಥದ್ದೇ ತಿರುಗುಕಡ್ಡಿ ಇದೆ. ಅವಸರಕ್ಕೆ ಟ್ಯೂಬ್ ಮತ್ತು ಲೆನ್ಸನ್ನು ಒಟ್ಟಿಗೇ ತಿರುಗಿಸಿ ಕಳಚಿದರೆ ನಡುವೆ ಕಡ್ಡಿ ಜಾರುತ್ತದೆ. ಹಾಕುವಾಗ ಬಾಡಿಗೆ ಟ್ಯೂಬ್, ಟ್ಯೂಬಿಗೆ ಲೆನ್ಸ್. ತೆಗೆಯುವಾಗ ಮೊದಲು ಲೆನ್ಸ್, ಆಮೇಲೆ ಟ್ಯೂಬ್. ಚಪ್ಪರ ಬಿಚ್ಚುವ ಹಾಗೆ, ಕೊನೆಗೆ ಕಟ್ಟಿದ್ದು ಮೊದಲು.

ಬಿಡಿಸುವ ಬಗೆ ಹೀಗೆ. ಡಾರ್ಕ್ ಸ್ಲೈಡ್ ಹಾಕಿ ಮ್ಯಾಗಜೀನ್ ಕಳಚಿ. ಹಿಂದಿನ ರೆಕ್ಕೆಗಳನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ ತೆರೆಯಿರಿ. ಟಾರ್ಚ್ ಹಿಡಿದು ನೋಡಿದರೆ ಕನ್ನಡಿಪೆಟ್ಟಿಗೆಯ ಪಕ್ಕದಲ್ಲಿ, ಲೆನ್ಸ್ ಕೂರುವ ಕಡೆ, ಆ ತಿರುಗುಕಡ್ಡಿಯ ಹಿಂತುದಿ ದೊಡ್ಡ ಸ್ಕ್ರೂ ತಲೆಯ ಹಾಗೆ ಕಾಣುತ್ತದೆ. 15 ಸೆಂಟಿಮೀಟರಿಗಿಂತ ಉದ್ದದ, ಸಪುರ ಕಡ್ಡಿಯ, ಚಪ್ಪಟೆ ಬಾಯಿಯ ಸ್ಕ್ರೂಡ್ರೈವರ್ ಬೇಕು. ಕಡ್ಡಿಗೆ ಪೂರ್ತಿ ಟೇಪ್ ಸುತ್ತಿ. ಕನ್ನಡಿಯ ಲೇಪ ಗಾಜಿನ ಮುಂಬದಿಯಲ್ಲಿರುತ್ತದೆ, ಲೋಹ ಸೋಕಿದರೆ ಗೆರೆ ಖಾಯಂ. ಸ್ಕ್ರೂ ತಲೆಗೆ ಬಾಯಿ ಕೂತದ್ದು ಖಾತ್ರಿಯಾದ ಮೇಲೆ ಗಡಿಯಾರದ ದಿಕ್ಕಿನಲ್ಲಿ ನಿಧಾನಕ್ಕೆ ತಿರುಗಿಸಿ. ಕ್ಲಿಕ್ ಎಂದಾಗ ನಿಲ್ಲಿಸಿ. ಲೆನ್ಸ್ ಬಿಡಿಸಿಕೊಳ್ಳುತ್ತದೆ. ಕ್ಲಿಕ್ ಬರದೆ ತಡೆ ಗಟ್ಟಿಯಾಗುತ್ತ ಹೋದರೆ ಬಿಟ್ಟುಬಿಡಿ, ಅದು ಮೆಕ್ಯಾನಿಕ್ ಕೆಲಸ. ಬಿಡಿಸಿದ ಮೇಲೂ ಅದೇ ಲೆನ್ಸ್ ತಿಂಗಳಲ್ಲಿ ಎರಡನೇ ಸಲ ಜಾಮ್ ಆಯಿತೆಂದರೆ ದೋಷ ನಿಮ್ಮ ಕೈಯದಲ್ಲ. ಶಟರಿನ ಗ್ರೀಸ್ ಗಟ್ಟಿಯಾಗಿ ಅದು ಪೂರ್ತಿ ಕೀ ತೆಗೆದುಕೊಳ್ಳುತ್ತಿಲ್ಲ.

ಸಿ ಸರಣಿಯ ಹಳೆಯ ಕಾರ್ಲ್ ಝೈಸ್ ಲೆನ್ಸ್‌ಗಳಲ್ಲಿ ಇನ್ನೊಂದು ಹೊಂಚು ಇದೆ. ಬ್ಯಾರೆಲ್ಲಿನ ಬದಿಯಲ್ಲಿ ವಿ, ಎಕ್ಸ್, ಎಂ ಎಂಬ ಮೂರು ಸ್ಥಾನದ ಪುಟ್ಟ ಸನ್ನೆ. ಎಕ್ಸ್ ಇಂದಿನ ಎಲ್ಲ ಫ್ಲ್ಯಾಶ್‌ಗೂ. ಎಂ ಹಳೆಯ ಬಲ್ಬ್‌ಗಳಿಗೆ. ವಿ ಎಂದರೆ ಸೆಲ್ಫ್ ಟೈಮರ್. ವಿ ಮುಟ್ಟಲೇಬೇಡಿ. ದಶಕಗಳಿಂದ ಓಡದ ಆ ಗಿಯರ್ ಸಾಲು ಅರ್ಧಕ್ಕೆ ನಿಂತರೆ ಶಟರೂ ಅಲ್ಲೇ ನಿಲ್ಲುತ್ತದೆ. ಕೊಳ್ಳುವ ಮುನ್ನ ಪರೀಕ್ಷೆಗೆಂದೂ ಒತ್ತಬೇಡಿ. ಸನ್ನೆ ಎಕ್ಸ್‌ನಲ್ಲೇ ಇರಲಿ. ಆಮೇಲೆ ಯಾರಾದರೂ ಫ್ಲ್ಯಾಶ್ ಹಿಡಿದ ಫ್ರೇಮ್ ಪೂರ್ತಿ ಕತ್ತಲು ಬಂತು ಎಂದರೆ ಸನ್ನೆ ಎಂ ಕಡೆಗೆ ಸರಿದಿರುತ್ತದೆ, ನೋಡಿ.

ಸಿ ಲೆನ್ಸ್‌ಗಳಲ್ಲಿರುವುದು ಕಾಂಪುರ್ ಶಟರ್. 1982ರಿಂದ ಬಂದ ಸಿಎಫ್ ಲೆನ್ಸ್‌ಗಳಲ್ಲಿ ಪ್ರೊಂಟೋರ್. ಗಾಜು ಎರಡರಲ್ಲೂ ಒಳ್ಳೆಯದೇ. ವ್ಯತ್ಯಾಸ ಇರುವುದು ರಿಪೇರಿಯಲ್ಲಿ: ಕಾಂಪುರ್‌ಗೆ ಹೊಸ ಬಿಡಿಭಾಗ ಸಿಗುವುದು ಬಹಳ ಕಷ್ಟ, ಅದರಲ್ಲೂ ಮುಖ್ಯ ಸ್ಪ್ರಿಂಗ್. ದುಡ್ಡು ಸ್ವಲ್ಪ ಹೆಚ್ಚಾದರೂ ಸಿಎಫ್ 80 ಎಂಎಂ ಪ್ಲಾನಾರ್ ಲೆನ್ಸ್ ಕೊಂಡವರು ಮುಂದೆ ಹಗುರಾಗಿರುತ್ತಾರೆ. ಫಿಲ್ಟರ್ ಹುಡುಕುವಾಗಲೂ ಇದು ನೆನಪಿರಲಿ. ಸಿ ಪ್ಲಾನಾರ್‌ಗೆ ಬೇಕಾದ್ದು ಬೇ 50, ಸಿಎಫ್‌ಗೆ ಬೇ 60. ಎರಡೂ ಸ್ಕ್ರೂ ಫಿಲ್ಟರ್ ಅಲ್ಲ, ತುಸು ತಿರುಗಿಸಿ ಸಿಕ್ಕಿಸುವ ಬಯೋನೆಟ್. ಅಂಗಡಿಯ ಮಾಮೂಲಿ ಫಿಲ್ಟರ್ ಕೂರುವುದಿಲ್ಲ.

ಶಟರ್ ಸರಿಯಿದೆಯೇ ಎಂದು ನೋಡಲು ಕಿವಿಯೇ ಮೊದಲ ಉಪಕರಣ. 1 ಸೆಕೆಂಡಿನಲ್ಲಿ ಗಿಯರ್ ಸದ್ದು ಒಂದೇ ಲಯದಲ್ಲಿ ಓಡಿ ನಿಲ್ಲಬೇಕು. ಕೊನೆಗೆ ತೂಕಡಿಸಿದ ಹಾಗೆ ನಿಧಾನಿಸಿದರೆ ಎಣ್ಣೆ ಒಣಗಿದೆ. ಮೊಬೈಲಿನ ರೆಕಾರ್ಡರಿನಲ್ಲಿ ಸದ್ದು ಹಿಡಿದು ಅಲೆಯ ಚಿತ್ರದಲ್ಲಿ ಆರಂಭದಿಂದ ಕೊನೆಯವರೆಗೆ ಅಳೆದರೆ ನಿಧಾನ ವೇಗಗಳಿಗೆ ಸಾಕಷ್ಟು ನಿಖರ ಉತ್ತರ ಸಿಗುತ್ತದೆ. 1/250, 1/500ಕ್ಕೆ ಈ ಉಪಾಯ ಸಾಲದು. ಬೆಳಕಿನ ಸಂವೇದಕ ಬೇಕು. ಎಲ್ಲ ವೇಗವೂ ಒಂದೇ ಪ್ರಮಾಣದಲ್ಲಿ ನಿಧಾನವಾಗಿದ್ದರೆ ಸರ್ವಿಸ್ ಆಗುವವರೆಗೆ ಅದನ್ನೇ ಲೆಕ್ಕಕ್ಕೆ ತೆಗೆದುಕೊಂಡು ನಡೆಸಬಹುದು. ಒಂದೇ ವೇಗ ಒಮ್ಮೆ ಒಂದು ಥರ ಇನ್ನೊಮ್ಮೆ ಇನ್ನೊಂದು ಥರ ಬಂದರೆ ನಡೆಸಲಾಗದು.

ಅದೇ ಪರೀಕ್ಷೆಯಲ್ಲಿ ಬೂಷ್ಟನ್ನೂ ಹುಡುಕಬೇಕು. ವೇಗ ಬಿ (ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುವ ಸ್ಥಾನ), ಅಪರ್ಚರ್ (ಡಯಾಫ್ರಾಮಿನ ಕಿಂಡಿ) ಪೂರ್ತಿ ತೆರೆದದ್ದು, ಮ್ಯಾಗಜೀನ್ ಕಳಚಿದ್ದು. ಗುಂಡಿ ಒತ್ತಿ ಹಿಡಿದು ಮುಂದಿನಿಂದ ಟಾರ್ಚನ್ನು ಓರೆಯಾಗಿ ಹಾಯಿಸಿ ಹಿಂದಿನಿಂದ ನೋಡಿ. ನಾಲ್ಕು ಧೂಳಿನ ಕಣ ಯಾವ ಹಳೆಯ ಲೆನ್ಸಿನಲ್ಲೂ ಇರುತ್ತವೆ, ಚಿತ್ರಕ್ಕೆ ಏನೂ ಆಗದು. ಜೇಡರ ಬಲೆಯಂಥ ಕವಲೊಡೆದ ಗೆರೆ ಕಂಡರೆ ಫಂಗಸ್. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಪಟ್ಟಿ ಕಂಡರೆ ಗಾಜಿನ ಅಂಟು ಬಿಡುತ್ತಿದೆ. ಮಂಗಳೂರು, ಕಾರವಾರದ ಕಡೆ, ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಲೆನ್ಸ್ ಇಟ್ಟರೆ ಫಂಗಸ್‌ಗೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಅಗ್ಗದ ತೇವಮಾಪಕ. 40ರಿಂದ 50 ಶೇಕಡ ತೇವದಲ್ಲಿ ಇಡಿ. ತೀರಾ ಒಣಗಿಸಿದರೂ ಒಳ್ಳೆಯದಲ್ಲ, ಗ್ರೀಸ್ ಮತ್ತು ಲೆದರೆಟ್ ಎರಡಕ್ಕೂ ತೊಂದರೆ. ತಿಂಗಳಿಗೊಮ್ಮೆ ಹೊರಗೆ ತೆಗೆದು ಪ್ರತಿ ವೇಗದಲ್ಲೂ ನಾಲ್ಕಾರು ಸಲ ಓಡಿಸಿ, ಕೀ ಕೊಟ್ಟೇ ಒಳಗಿಡಿ. ಕೀ ಕೊಟ್ಟಿಟ್ಟರೆ ಸ್ಪ್ರಿಂಗ್ ಸೋಲುತ್ತದೆ ಎಂಬ ವಾದ ಹಳೆಯದು. ಕೀ ಬಿಟ್ಟಿಟ್ಟ ಕ್ಯಾಮೆರಾದ ಲೆನ್ಸನ್ನು ಮರೆತು ಕಳಚಲು ಹೋಗಿ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಬಾಡಿಯಲ್ಲಿ ನೋಡಬೇಕಾದ್ದು ಎರಡೇ. ರೆಕ್ಕೆಗಳು ಚುರುಕಾಗಿ ತೆರೆದು, ಮುಚ್ಚಿದಾಗ ನಡುವೆ ಸಂದು ಬಿಡದಿರಬೇಕು. ಕನ್ನಡಿ ಇಳಿದು ಕೂರುವ ಜಾಗದ ಪುಟ್ಟ ಫೋಮ್ ಮೆತ್ತೆಗಳು ಸವೆದು ಅಂಟಾಗಿರಬಾರದು. ಮೆತ್ತೆ ಹೋದರೆ ಕನ್ನಡಿ ಕೂದಲೆಳೆಯಷ್ಟು ಕೆಳಗೆ ಕೂರುತ್ತದೆ. ಆಗ ಫೈಂಡರಿನಲ್ಲಿ ಕಣ್ಣಿಗೆ ಫೋಕಸ್ ಸಿಕ್ಕಂತೆ ಕಂಡರೂ ಫಿಲ್ಮಿನಲ್ಲಿ ಕಿವಿಗೆ ಸಿಕ್ಕಿರುತ್ತದೆ. 80 ಎಂಎಂ ಲೆನ್ಸಿನಲ್ಲಿ ಎಫ್/2.8, ಕನಿಷ್ಠ ದೂರ 0.9 ಮೀಟರ್ ಎಂದರೆ ತಪ್ಪಿಗೆ ಜಾಗವೇ ಇಲ್ಲ. ಸ್ಕ್ರೀನ್ ಬದಲಿಸಿದವರು ಅದನ್ನು ತಲೆಕೆಳಗಾಗಿ ಕೂರಿಸಿದ್ದರೂ ಇದೇ ರೋಗಲಕ್ಷಣ. ಹೊಳಪಿಲ್ಲದ ಬದಿ ಕೆಳಮುಖ ಇರಬೇಕು.

ಮ್ಯಾಗಜೀನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಬೆಳಕು ಸೋರುವುದು ಇಲ್ಲೇ. ಡಾರ್ಕ್ ಸ್ಲೈಡ್ ಸೀಳಿನೊಳಗೆ ಫೋಮ್ ಪಟ್ಟಿಯೊಂದು, ಅದರ ಮೇಲೆ ಮಡಿಸಿದ ತೆಳು ಮೈಲಾರ್ ಹಾಳೆಯೊಂದು ಇರುತ್ತದೆ. ಸ್ಲೈಡ್ ಹೊರಗಿದ್ದಾಗ ಸೀಳನ್ನು ಒತ್ತಿ ಮುಚ್ಚುವುದು ಇವೇ. ವರ್ಷಗಳು ಕಳೆದಂತೆ ಫೋಮ್ ಪುಡಿಯಾಗುತ್ತದೆ. ಆಗ ಚಿತ್ರದ ಬಲ ಅಂಚಿನಲ್ಲಿ ಮಂಜಿನ ಗರಿಯಂಥ ಬಿಳಿ ಪಟ್ಟಿ ಬರುತ್ತದೆ. ಸೀಳು ಇರುವುದು ಎಡಕ್ಕಲ್ಲವೇ ಎಂದರೆ ಹೌದು, ಆದರೆ ಲೆನ್ಸ್ ಚಿತ್ರವನ್ನು ಎಡಬಲ ತಿರುಗಿಸಿಯೇ ಫಿಲ್ಮಿಗೆ ಹಾಕುವುದು. ಬಿಸಿಲಿನಲ್ಲಿ ಸ್ಲೈಡ್ ತೆಗೆದು ಹೆಚ್ಚು ಹೊತ್ತು ತಿರುಗಾಡಿದ ಫ್ರೇಮಿನಲ್ಲಿ ಪಟ್ಟಿ ಗಾಢವಾಗಿಯೂ, ಬೇಗ ಬೇಗ ತೆಗೆದ ಫ್ರೇಮಿನಲ್ಲಿ ಇಲ್ಲದೆಯೂ ಇದ್ದರೆ ಕಾರಣ ಇದೇ ಎಂದು ಬರೆದಿಟ್ಟುಕೊಳ್ಳಿ. ಹೊಸ ಸೀಲ್ ಜೋಡಿ ಆನ್‌ಲೈನಿನಲ್ಲಿ ಸಿಗುತ್ತದೆ. ಮುಚ್ಚುತಗಡಿನ ಪುಟ್ಟ ಸ್ಕ್ರೂ ಬಿಚ್ಚಿ, ಹಳೆಯ ಫೋಮಿನ ಪುಡಿಯನ್ನು ಪೂರ್ತಿ ಕೆರೆದು ತೆಗೆದು, ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಒರೆಸಿ, ಹಳೆಯದು ಇದ್ದ ಕ್ರಮದಲ್ಲೇ ಹೊಸದನ್ನು ಕೂರಿಸಬೇಕು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ, ಮಡಿಕೆ ಯಾವ ಕಡೆಗಿತ್ತು ಎಂಬ ಜಗಳ ಆಮೇಲೆ ಬೇಡ. ಹೊಸ ಸೀಲ್ ಬಾಳಬೇಕಾದರೆ ಸ್ಲೈಡನ್ನು ಮೂಲೆಯಿಂದ ತುರುಕಬಾರದು. ಎರಡೂ ಮೂಲೆ ಒಟ್ಟಿಗೆ, ನೇರವಾಗಿ. ಮೂಲೆಯಿಂದ ಹಾಕಿದರೆ ಸೀಲಿನ ಒಂದು ತುದಿ ಮಾತ್ರ ತೆರೆದು, ಇನ್ನರ್ಧದಿಂದ ಬೆಳಕು ಒಳಗೆ ನುಗ್ಗುತ್ತದೆ.

ಫಿಲ್ಮ್ ಹಾಕುವುದು. ಎ12 ಮ್ಯಾಗಜೀನ್, 120 ರೋಲ್, ಹನ್ನೆರಡು ಚೌಕ ಫ್ರೇಮ್. ಎಡಬದಿಯ ಕೀಲಿ ಬಿಡಿಸಿ ತಿರುಗಿಸಿ ಇನ್ಸರ್ಟ್ ಹೊರಗೆಳೆಯಿರಿ. ಖಾಲಿ ಸ್ಪೂಲ್ ಒಂದು ತುದಿಗೆ, ಹೊಸ ರೋಲ್ ಇನ್ನೊಂದಕ್ಕೆ. ಕಾಗದವನ್ನು ಒಂದು ಗೇಣಿಗಿಂತ ಕಡಿಮೆ, ಎಂಟು ಹತ್ತು ಸೆಂಟಿಮೀಟರ್ ಎಳೆದು, ಅಂಚಿನ ಹಿಡಿಕಟ್ಟಿನ ಕೆಳಗೆ ತೂರಿಸಿ, ಖಾಲಿ ಸ್ಪೂಲಿನ ಸೀಳಿಗೆ ಸಿಕ್ಕಿಸಿ. ಕಾಗದದ ಕಪ್ಪು ಬದಿ ನಿಮಗೆ ಕಾಣುತ್ತಿರಬೇಕು. ಬಣ್ಣದ, ಅಕ್ಷರ ಇರುವ ಬದಿ ಕಂಡರೆ ತಲೆಕೆಳಗಾಗಿದೆ, ಹನ್ನೆರಡು ಫ್ರೇಮೂ ಕಾಗದದ ಮೇಲೆ ಬೀಳುತ್ತವೆ. ಆ ಹಿಡಿಕಟ್ಟಿನ ಕೆಳಗೆ ತೂರಿಸಲು ಮರೆತರೆ ಎಣಿಕೆ ಶುರುವಾಗುವ ಜಾಗ ತಪ್ಪುತ್ತದೆ. ಈಗ ಸ್ಪೂಲ್ ತಿರುಗಿಸುತ್ತ ಹೋಗಿ, ಕಾಗದದ ಮೇಲಿನ ಅಡ್ಡ ಬಾಣ ಹಿಡಿಕಟ್ಟಿನ ಕೆಂಪು ತ್ರಿಕೋನದ ನೇರಕ್ಕೆ ಬಂದಾಗ ನಿಲ್ಲಿಸಿ. ಒಂದು ಕೂದಲು ಮುಂದೂ ಬೇಡ. ಇನ್ಸರ್ಟ್ ಒಳಗೆ ಹಾಕಿ ಕೀಲಿ ಭದ್ರಮಾಡಿ, ಮ್ಯಾಗಜೀನಿನ ಬಲಬದಿಯ ಕ್ರ್ಯಾಂಕನ್ನು ಗಡಿಯಾರದ ದಿಕ್ಕಿನಲ್ಲಿ ಸುಮಾರು ಹತ್ತು ಸುತ್ತು ತಿರುಗಿಸಿದರೆ ತಾನೇ ನಿಲ್ಲುತ್ತದೆ. ಹಿಂದಕ್ಕೆ ಕಾಲು ಸುತ್ತು ತಿರುಗಿಸಿ ಮಡಚಿ. ಕಿಟಕಿಯಲ್ಲಿ 1. ಇನ್ನೂ ಹಳೆಯ, ಬೆನ್ನಿನಲ್ಲಿ ಇಣುಕುಕಿಂಡಿ ಇರುವ ಮ್ಯಾಗಜೀನಾದರೆ ಈ ತಾನೇ ನಿಲ್ಲುವ ಸುಖ ಇಲ್ಲ. ಕಿಂಡಿಯಲ್ಲಿ ಕಾಗದದ 1 ಬರುವವರೆಗೆ ಕಣ್ಣಿಟ್ಟು ನೋಡಬೇಕು.

ಫ್ರೇಮ್ ಅಂತರ ಪರೀಕ್ಷಿಸಲು ಅವಧಿ ಮೀರಿದ ಒಂದು ರೋಲ್ ಬಲಿ ಕೊಡಿ. ಪ್ರತಿ ಕ್ಲಿಕ್ ಆದ ಮೇಲೆ ಸ್ಲೈಡ್ ಹಾಕಿ ಮ್ಯಾಗಜೀನ್ ಕಳಚಿ, ಸ್ಲೈಡ್ ಎಳೆದು, ಕಂಡ ಚೌಕದ ಅಂಚಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ಸ್ಲೈಡ್ ಹಾಕಿ ಮತ್ತೆ ಜೋಡಿಸಿ, ಕೀ ಕೊಟ್ಟು ಮುಂದಿನದು. ಹನ್ನೆರಡೂ ಮುಗಿದ ಮೇಲೆ ಬಿಡಿಸಿ ಹರಡಿದರೆ ಚೌಕಗಳ ನಡುವಿನ ಸಂದು ಹೆಚ್ಚುಕಡಿಮೆ ಒಂದೇ ಇರಬೇಕು. ಒಂದರ ಮೇಲೊಂದು ಏರಿದ್ದರೆ ಗಿಯರ್ ಸವೆದಿದೆ. ಕೊಳ್ಳುವ ಮೊದಲು ಈ ಅರ್ಧ ಗಂಟೆ ಕೊಡಲು ಒಪ್ಪದ ಮಾರಾಟಗಾರರಿಂದ ಕೊಳ್ಳದಿರುವುದೇ ಲೇಸು.

ನಡುವೆ ಮ್ಯಾಗಜೀನ್ ಬದಲಿಸುವುದು ಈ ಕ್ಯಾಮೆರಾದ ದೊಡ್ಡ ಸವಲತ್ತು: ಒಂದರಲ್ಲಿ ಕಪ್ಪುಬಿಳುಪು, ಇನ್ನೊಂದರಲ್ಲಿ ಬಣ್ಣ. ಇಲ್ಲಿ ಎರಡು ಪುಟ್ಟ ಕಿಟಕಿಗಳ ಭಾಷೆ ಓದಬೇಕು. ಬಾಡಿಯ ಬಲಬದಿಯಲ್ಲಿ ಒಂದು, ಅದರ ಹಿಂದೆಯೇ ಮ್ಯಾಗಜೀನಿನಲ್ಲಿ ಒಂದು. ಬಾಡಿಯಲ್ಲಿ ಬಿಳಿ ಎಂದರೆ ಕೀ ಬಿದ್ದಿದೆ, ಮ್ಯಾಗಜೀನಿನಲ್ಲಿ ಬಿಳಿ ಎಂದರೆ ಹೊಸ ಫ್ರೇಮ್ ಕಾಯುತ್ತಿದೆ. ಕೆಂಪು ಎಂದರೆ ಎರಡರಲ್ಲೂ ಕೆಲಸ ಮುಗಿದಿದೆ. ಎರಡೂ ಒಂದೇ ಬಣ್ಣವಾದರೆ ಜೋಡಿಸಿ. ಬಾಡಿ ಬಿಳಿ, ಮ್ಯಾಗಜೀನ್ ಕೆಂಪು ಇದ್ದಾಗ ಜೋಡಿಸಿ ಹೊಡೆದರೆ ತೆಗೆದ ಚಿತ್ರದ ಮೇಲೇ ಇನ್ನೊಂದು ಚಿತ್ರ. ಬಾಡಿ ಕೆಂಪು, ಮ್ಯಾಗಜೀನ್ ಬಿಳಿ ಇದ್ದಾಗ ಜೋಡಿಸಿ ಕೀ ಕೊಟ್ಟರೆ ಒಂದು ಫ್ರೇಮ್ ಖಾಲಿ ಹೋಗುತ್ತದೆ. ಪ್ರತಿ ಸಲ ಕ್ಲಿಕ್ ಆದೊಡನೆ ಕೀ ಕೊಡುವ ಅಭ್ಯಾಸ ಇಟ್ಟುಕೊಂಡರೆ ಎಲ್ಲವೂ ಸದಾ ಬಿಳಿ, ತಲೆನೋವಿಲ್ಲ.

ಮೀಟರ್ ಇಲ್ಲವೆಂದು ಹೆದರಬೇಕಿಲ್ಲ. ಕೈ ಮೀಟರ್ ಇಲ್ಲವೇ ಮೊಬೈಲ್ ಆ್ಯಪ್ ಸಾಕು. ಸಿ ಲೆನ್ಸಿನಲ್ಲಿ ಅಪರ್ಚರ್ ಮತ್ತು ವೇಗದ ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೀಟರ್ ಹೇಳಿದ ಇವಿ (ಬೆಳಕಿನ ಮಟ್ಟ ಸೂಚಿಸುವ) ಅಂಕಿಯನ್ನು ಒಮ್ಮೆ ಹೊಂದಿಸಿದರೆ ಉಂಗುರ ಹೇಗೆ ತಿರುಗಿಸಿದರೂ ಎಕ್ಸ್‌ಪೋಶರ್ ಬದಲಾಗದು. ಬೇರ್ಪಡಿಸಲು ಬದಿಯ ಪುಟ್ಟ ಕಿವಿಯನ್ನು ಒತ್ತಿ ಹಿಡಿಯಬೇಕು. ಉಂಗುರ ಕೆಟ್ಟಿದೆ ಎಂದು ಇಕ್ಕಳ ತಂದವರ ಗುರುತು ಕೆಲವು ಲೆನ್ಸ್‌ಗಳ ಮೇಲೆ ಕಾಣಸಿಗುತ್ತದೆ. ನಮ್ಮ ಬಿಸಿಲಿಗೆ ಒಂದು ಎಚ್ಚರಿಕೆ: ಐಎಸ್‌ಒ 400 ಫಿಲ್ಮಿಗೆ ನಡುಹಗಲಿನ ನೇರ ಬಿಸಿಲಿನಲ್ಲಿ ಬೇಕಾದ್ದು ಎಫ್/16, 1/500. ಕ್ಯಾಮೆರಾದ ಗರಿಷ್ಠ ವೇಗ ಅಲ್ಲಿಗೇ ಮುಗಿಯಿತು. ಹಿನ್ನೆಲೆ ಮಸುಕಾಗಿಸಿ ತೆಗೆಯಬೇಕೆಂದರೆ ದಾರಿಯಿಲ್ಲ. ಹಗಲಿಗೆ 100 ಹಾಕಿ, ಅಥವಾ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಜೊತೆಗಿರಲಿ. ಇನ್ನೊಂದೆಡೆ, ಲೆನ್ಸ್ ಶಟರಿನ ಲಾಭವೆಂದರೆ 1/500ವರೆಗೆ ಯಾವ ವೇಗದಲ್ಲೂ ಫ್ಲ್ಯಾಶ್ ಹೊಂದುತ್ತದೆ. ಬಿಸಿಲಿಗೆ ಬೆನ್ನು ಮಾಡಿ ನಿಂತವರ ಮುಖಕ್ಕೆ ಬೆಳಕು ತುಂಬುವುದು ಇದರಲ್ಲಿ ಬಲು ಸಲೀಸು.

ಸೊಂಟದ ಮಟ್ಟದ ಫೈಂಡರಿನಲ್ಲಿ ಎಡಬಲ ತಿರುಗಿ ಕಾಣುತ್ತದೆ. ಚಲಿಸುವುದನ್ನು ಹಿಂಬಾಲಿಸುವುದು ರೂಢಿಯಾಗಲು ಎರಡು ಮೂರು ರೋಲ್ ಬೇಕು. ಆದರೆ ನಿಂತ ವಸ್ತುವಿಗೆ ಇದರಷ್ಟು ಹೊಂದುವುದು ಬೇರೆ ಕಾಣೆ. ಹಳೇಬೀಡಿನ ಹೊಯ್ಸಳೇಶ್ವರದ ಹೊರಗೋಡೆಯ ತಳದಲ್ಲಿ ಆನೆಗಳ ಸಾಲು ಹರಿಯುತ್ತದೆ. ಕಣ್ಣೆತ್ತರದ ಕ್ಯಾಮೆರಾಕ್ಕೆ ಅದು ಕೆಳಗೆ ಬಾಗಿ ಕಾಣುವ ಪಟ್ಟಿ. ಸೊಂಟದಲ್ಲಿ ಹಿಡಿದ ಈ ಪೆಟ್ಟಿಗೆಗೆ ಅಂಥ ಕೆಳಸಾಲುಗಳು ಬಹುಮಟ್ಟಿಗೆ ಎದುರುಬದುರು. ಕ್ಯಾಮೆರಾ ಬಾಗದಿದ್ದರೆ ಗೆರೆಗಳೂ ಬಾಗುವುದಿಲ್ಲ. ಬೇಲೂರಿನ ನವರಂಗದ ಕತ್ತಲಲ್ಲಿ ಮಾತ್ರ ಟ್ರೈಪಾಡ್ ಇಲ್ಲದೆ ಆಗದು. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಪಡೆಯಬೇಕು. ಅನುಮತಿ ಸಿಕ್ಕ ಮೇಲೆ, ಲೆನ್ಸ್ ಬಿಯಲ್ಲಿ, ಕೇಬಲ್ ರಿಲೀಸ್ ಹಾಕಿ, ಮೊದಲು ಬಲಬದಿಯ ಗುಬುಟಿನ ಕೆಳಗಿರುವ ಪುಟ್ಟ ಗುಂಡಿ ಎತ್ತಿ ಕನ್ನಡಿಯನ್ನು ಮೇಲಕ್ಕೆ ಕಳಿಸಿ. ಠಪ್ಪೆಂದು ಹೊಡೆಯುವ ಆ ಕನ್ನಡಿಯ ಅದುರು ಅಡಗಲು ಎರಡು ಸೆಕೆಂಡ್ ಬಿಟ್ಟು ರಿಲೀಸ್ ಒತ್ತಿ. ಕನ್ನಡಿ ಎತ್ತಿದ ಮೇಲೆ ಹಿಂದಿರುಗುವ ದಾರಿ ಇಲ್ಲ. ಆ ಫ್ರೇಮ್ ಹೊಡೆಯಲೇಬೇಕು.

ಮೀಟರ್ ಹೇಳಿದಷ್ಟೇ ಹೊತ್ತು ಸಾಲುವುದಿಲ್ಲ ಎಂಬುದೂ ನೆನಪಿರಲಿ. ಒಂದು ಸೆಕೆಂಡ್ ದಾಟಿದರೆ ಫಿಲ್ಮ್ ಬೆಳಕು ಹಿಡಿಯುವುದರಲ್ಲಿ ಮಂಕಾಗುತ್ತ ಹೋಗುತ್ತದೆ. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಎಂಬ ಕಪ್ಪುಬಿಳುಪು ಫಿಲ್ಮಿಗೆ ಕಂಪನಿ ಕೊಟ್ಟ ಘಾತ 1.31 (ಮೀಟರಿನ ಸೆಕೆಂಡನ್ನು ಈ ಘಾತಕ್ಕೆ ಏರಿಸಬೇಕು). ಅದರಂತೆ ಮೀಟರಿನ 4 ಸೆಕೆಂಡಿಗೆ 6, ಹತ್ತಕ್ಕೆ 20, ಮೂವತ್ತಕ್ಕೆ ಸುಮಾರು 86 ಸೆಕೆಂಡ್ ಕೊಡಬೇಕು. ಈ ಮೂರು ಅಂಕಿ ಒಂದು ಚೀಟಿಯಲ್ಲಿ ಬರೆದು ಮ್ಯಾಗಜೀನಿನ ಬೆನ್ನಿಗೆ ಅಂಟಿಸಿಟ್ಟರೆ ಕತ್ತಲಲ್ಲಿ ಮೊಬೈಲ್ ತಡಕಾಡುವುದು ತಪ್ಪುತ್ತದೆ.

ರೋಲ್ ಮುಗಿದಾಗ ಕ್ರ್ಯಾಂಕನ್ನು ಹಗುರಾಗಿ ತಿರುಗುವವರೆಗೆ ಸುತ್ತಿ, ಬಿಸಿಲಿನಿಂದ ಸರಿದು ನೆರಳಿನಲ್ಲಿ ಇನ್ಸರ್ಟ್ ತೆಗೆಯಿರಿ. ಸುರುಳಿ ಸಡಿಲಬಿಡದಂತೆ ಬೆರಳಲ್ಲಿ ಹಿಡಿದು, ಕಾಗದದ ತುದಿಯನ್ನು ಒಳಕ್ಕೆ ಮಡಿಸಿ, ಅಂಟುಪಟ್ಟಿಗೆ ನಾಲಗೆ ತಾಗಿಸಿ ಬಿಗಿಯಾಗಿ ಸುತ್ತಿ. ಸಡಿಲವಾದ ಸುರುಳಿಯ ಎರಡೂ ಅಂಚಿನಿಂದ ಬೆಳಕು ಒಳಗಿಳಿಯುತ್ತದೆ. ಖಾಲಿಯಾದ ಸ್ಪೂಲನ್ನು ಎಸೆಯದೆ ಇನ್ಸರ್ಟಿನ ಆಚೆ ಬದಿಗೆ ಸರಿಸಿ, ಮುಂದಿನ ರೋಲ್ ಸುತ್ತಿಕೊಳ್ಳುವುದು ಅದರ ಮೇಲೆಯೇ. ಹೊಸ ರೋಲ್ ಫ್ರಿಜ್ಜಿನಲ್ಲಿದ್ದರೆ ಹೊರಗಿಟ್ಟು ಒಂದೆರಡು ಗಂಟೆಯಾದರೂ ಕಳೆಯುವವರೆಗೆ ಅದರ ಹೊದಿಕೆ ಹರಿಯಬೇಡಿ. ಕರಾವಳಿಯ ಗಾಳಿಯಲ್ಲಿ ತಣ್ಣನೆಯ ಕಾಗದ ಕ್ಷಣದಲ್ಲಿ ಬೆವರುತ್ತದೆ, ಕಾಗದದ ಮೇಲಿನ ಅಂಕಿಗಳು ನೆಗೆಟಿವ್ ಮೇಲೆ ಅಚ್ಚಾಗುವುದು ಹಾಗೆಯೇ. ವಿದೇಶದಿಂದ ಫಿಲ್ಮ್ ತರುವವರು ಚೆಕ್-ಇನ್ ಲಗೇಜಿಗೆ ಹಾಕಬೇಡಿ. ಕೈಚೀಲದಲ್ಲಿಟ್ಟು, ಸಿಟಿ ಸ್ಕ್ಯಾನರ್ ಇರುವ ಕಡೆ ಕೈಯಲ್ಲೇ ತಪಾಸಣೆ ಮಾಡಿ ಎಂದು ಕೇಳಿ.